ಅಮೈನೊ ಗುಂಪು ಆರ್ಥೊ-ಪ್ಯಾರಾ ಅಂತಾರೆ, ಮತ್ತೆ ಅನಿಲೀನ್ ನೈಟ್ರೇಷನ್‌ನಲ್ಲಿ ಮೆಟಾ 47 ಶೇಕಡಾ ಎಲ್ಲಿಂದ ಬಂತು?

ಕೊನೆಬೆಂಚು

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಓದುತ್ತಿದ್ದೇನೆ. ಅಮೈನ್ ಪಾಠದಲ್ಲಿ ಎರಡು ಕಡೆ ಸಿಕ್ಕಿಬಿದ್ದಿದ್ದೇನೆ, ಯಾರಾದರೂ ಬಿಡಿಸಿ.

ಒಂದು: ಅನಿಲೀನ್ ಅಂದರೆ ಅಮೈನೊ ಗುಂಪು (NH2) ಅಂಟಿದ ಬೆಂಜೀನ್ ಉಂಗುರ. ಆ ಗುಂಪು ಉಂಗುರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ಹಾಗಾಗಿ ಹೊಸದಾಗಿ ಬರುವ ಗುಂಪು ಆರ್ಥೊ (ಪಕ್ಕದ) ಇಲ್ಲವೇ ಪ್ಯಾರಾ (ಎದುರಿನ) ಜಾಗಕ್ಕೆ ಹೋಗುತ್ತದೆ ಅಂತ ಓದಿದೆ. ಬ್ರೋಮಿನ್ ನೀರು ಹಾಕಿದರೆ ಹಾಗೇ ಆಗುತ್ತದೆ. 2,4,6-ಟ್ರೈಬ್ರೋಮೊಅನಿಲೀನ್ ಬೆಳ್ಳಗೆ ತಳಕ್ಕೆ ಇಳಿಯುತ್ತದೆ. ಆಮೇಲೆ ನೈಟ್ರೇಷನ್, ಅಂದರೆ ಉಂಗುರಕ್ಕೆ ನೈಟ್ರೊ ಗುಂಪು ಸೇರಿಸುವುದು, ಬರುತ್ತದೆ. ಅಲ್ಲಿ ಪ್ಯಾರಾ 51, ಮೆಟಾ (ಆರ್ಥೊ, ಪ್ಯಾರಾ ನಡುವಿನ ಜಾಗ) 47, ಆರ್ಥೊ ಬರೀ 2 ಶೇಕಡಾ. ಮೆಟಾ ಅಷ್ಟೊಂದು ಎಲ್ಲಿಂದ ಬಂತು?

ಎರಡು: ಅನಿಲೀನ್‌ಗೆ ಪ್ಯಾರಾ ಜಾಗದಲ್ಲಿ ಮೆಥಾಕ್ಸಿ ಗುಂಪು ಇದ್ದರೆ ಅದು ಅನಿಲೀನ್‌ಗಿಂತ ಬಲವಾದ ಪ್ರತ್ಯಾಮ್ಲ (ಪ್ರೋಟಾನ್ ಹಿಡಿಯುವ ವಸ್ತು). ಅದೇ ಗುಂಪು ಮೆಟಾಗೆ ಹೋದರೆ ಅನಿಲೀನ್‌ಗಿಂತ ದುರ್ಬಲ. ಇದು ಕೊಡುವ ಗುಂಪಾ, ಕಿತ್ತುಕೊಳ್ಳುವ ಗುಂಪಾ? ಒಂದು ಕಡೆ ನಿಲ್ಲಬೇಕಲ್ವಾ?

ರಾಪಿಡ್ ರಿವಿಷನ್

ತಲೆ ಕೆಡಿಸ್ಕೊಬೇಡ ಗುರು. 51-47-2 ಬಾಯಿಪಾಠ ಮಾಡು. ಸಿಇಟಿಯಲ್ಲಿ ಕೇಳಿದರೆ ಒಂದು ಮಾರ್ಕು, ಅಷ್ಟೇ. ಆರ್ಥೊ-ಪ್ಯಾರಾ ಪಟ್ಟಿ ಒಂದು, ಮೆಟಾ ಪಟ್ಟಿ ಒಂದು ಬರೆದು ಗೋಡೆಗೆ ಅಂಟಿಸು. ಹ್ಯಾಲೊಜನ್ ಒಂದು ಎಕ್ಸೆಪ್ಷನ್, ಅನಿಲೀನ್ ನೈಟ್ರೇಷನ್ ಇನ್ನೊಂದು. ಮುಗೀತು.

ಬೀಕರ್ ಮೇಡಂ

ಎಕ್ಸೆಪ್ಷನ್ ಅಂತ ಹೇಳಿದ ಎರಡೂ ಎಕ್ಸೆಪ್ಷನ್ ಅಲ್ಲ. ಪಿಯು ಮಕ್ಕಳಿಗೆ ಪಾಠ ಮಾಡುವವಳು ನಾನು, ಆ ಗೋಡೆ ಪಟ್ಟಿಯಿಂದ ಆಗುವ ಫಜೀತಿ ಪ್ರತಿ ವರ್ಷ ನೋಡುತ್ತೇನೆ.

ಕೊನೆಬೆಂಚು ಅವರೇ, ಗುಂಪಿನ ಹೆಸರು ನೋಡುವ ಮುಂಚೆ ಫ್ಲಾಸ್ಕಿನೊಳಗೆ ಏನಿದೆ ಅಂತ ಕೇಳಿಕೊಳ್ಳಿ. ನೈಟ್ರೇಷನ್‌ಗೆ ನಾವು ಹಾಕುವುದು ಸಾಂದ್ರ ನೈಟ್ರಿಕ್ ಆಮ್ಲ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಅನಿಲೀನ್ ಒಂದು ಪ್ರತ್ಯಾಮ್ಲ. ಅಷ್ಟು ಆಮ್ಲದೊಳಗೆ ಬಿದ್ದ ಕೂಡಲೇ ಅದರ ನೈಟ್ರೋಜನ್ ಒಂದು ಪ್ರೋಟಾನ್ ಹಿಡಿದುಕೊಳ್ಳುತ್ತದೆ. ಈಗ ಅದು ಅನಿಲೀನ್ ಅಲ್ಲ, ಅನಿಲೀನಿಯಂ ಅಯಾನ್. ಉಂಗುರಕ್ಕೆ ಕೊಡುತ್ತಿದ್ದ ಲೋನ್ ಪೇರ್ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ) ಪ್ರೋಟಾನ್ ಜೊತೆ ಬಂಧದಲ್ಲಿ ಖರ್ಚಾಯಿತು. ಕೊಡುವುದಕ್ಕೆ ಏನೂ ಉಳಿದಿಲ್ಲ. ಅದರ ಮೇಲೆ ನೈಟ್ರೋಜನ್‌ಗೆ ಪೂರ್ತಿ ಧನ ಆವೇಶ ಬಂತು, ಅದು ಉಂಗುರದಿಂದಲೇ ಎಳೆಯುತ್ತದೆ. ನೀವು ನೈಟ್ರೇಷನ್ ಮಾಡುತ್ತಿರುವುದು ಬೇರೆಯೇ ವಸ್ತುವನ್ನು. ಅದಕ್ಕೇ ಮೆಟಾ.

ಬ್ರೋಮಿನ್ ನೀರಿನಲ್ಲಿ ಹಾಗಲ್ಲ. ಅಲ್ಲಿ ಶುರುವಿನಲ್ಲಿ ಬಲವಾದ ಆಮ್ಲ ಇಲ್ಲ. ಲೋನ್ ಪೇರ್ ಬಿಡುವಾಗಿದೆ, ಉಂಗುರ ಎಷ್ಟು ಚುರುಕಾಗಿದೆ ಅಂದರೆ ಎರಡು ಆರ್ಥೊ, ಒಂದು ಪ್ಯಾರಾ, ಮೂರೂ ತುಂಬುವವರೆಗೆ ನಿಲ್ಲುವುದಿಲ್ಲ. ಒಂದೇ ಬ್ರೋಮಿನ್ ಬೇಕೆಂದರೆ ಲೋನ್ ಪೇರ್‌ನ ಜೋರು ಮೊದಲು ಇಳಿಸಬೇಕು.

ಫ್ರೀಡಲ್-ಕ್ರಾಫ್ಟ್ಸ್ ಕ್ರಿಯೆಗೆ (ಉಂಗುರಕ್ಕೆ ಇಂಗಾಲದ ಗುಂಪು ಜೋಡಿಸುವುದು) ಅನಿಲೀನ್ ಒಗ್ಗದಿರುವುದೂ ಇದೇ ಕಥೆ. ಅಲ್ಲಿ ಪ್ರೋಟಾನ್ ಬದಲು ಅಲ್ಯೂಮಿನಿಯಂ ಕ್ಲೋರೈಡ್ ಬಂದು ಲೋನ್ ಪೇರ್ ಹಿಡಿಯುತ್ತದೆ. ನೈಟ್ರೋಜನ್ ಮೇಲೆ ಮತ್ತೆ ಧನ ಆವೇಶ, ಉಂಗುರ ಮಂಕು.

ಎರಡನೇ ಪ್ರಶ್ನೆಗೆ ಸಂಜೆ ಬರುತ್ತೇನೆ, ಈಗ ಲ್ಯಾಬ್ ಇದೆ.

ಹುಮನಾಬಾದ್ ರಿಯಾಕ್ಟರ್

ಮೇಡಂ ಹೇಳಿದ್ದು ಸರಿ ಅದ. ನಾನು ಔಷಧದ ಕಚ್ಚಾ ಪದಾರ್ಥ ಮಾಡುವ ಪ್ಲಾಂಟ್‌ನಲ್ಲಿ ಇದ್ದೇನೆ. ಅಮೈನ್ ಇರುವ ಉಂಗುರಕ್ಕೆ ನೇರವಾಗಿ ನೈಟ್ರೇಷನ್ ಮಾಡಲು ಹೋದರೆ ಮೆಟಾ ತಾಪತ್ರಯ ಒಂದೇ ಅಲ್ಲ. ನೈಟ್ರಿಕ್ ಆಮ್ಲ ಅನಿಲೀನ್ ಅನ್ನು ಆಕ್ಸಿಡೈಸ್ ಮಾಡಿ ಟಾರ್ ಮಾಡಿಬಿಡುತ್ತದೆ. ಕಪ್ಪಗೆ ಅಂಟಂಟು. ತೊಳೆಯುವವರ ಗೋಳು ಕೇಳಬ್ಯಾಡ್ರಿ.

ಅದಕ್ಕೆ ಮೊದಲು ಅಸೆಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟಾನಿಲೈಡ್ ಮಾಡಿಕೊಳ್ಳುವುದು. ಈಗ ಲೋನ್ ಪೇರ್ ಉಂಗುರದ ಕಡೆ ಒಂದು ಕಾಲು, ಪಕ್ಕದ ಕಾರ್ಬೊನಿಲ್ ಕಡೆ ಒಂದು ಕಾಲು ಇಟ್ಟಿರುತ್ತದೆ. ಪ್ರೋಟಾನ್ ಸುಲಭಕ್ಕೆ ಹಿಡಿಯುವುದಿಲ್ಲ, ಆದರೂ ಉಂಗುರಕ್ಕೆ ಸ್ವಲ್ಪ ಕೊಡುತ್ತದೆ. ನೈಟ್ರೊ ಗುಂಪು ಹೆಚ್ಚಾಗಿ ಪ್ಯಾರಾಗೇ ಬೀಳುತ್ತದೆ, ಆರ್ಥೊ ಕಡೆ ಅಸೆಟೈಲ್ ಅಡ್ಡ ನಿಂತಿರುತ್ತದೆ. ಕೊನೆಗೆ ನೀರು ಮತ್ತು ಆಮ್ಲ ಅಥವಾ ಕ್ಷಾರದಲ್ಲಿ ಕುದಿಸಿ ಅಸೆಟೈಲ್ ಕಳಚಿದರೆ ಪ್ಯಾರಾ-ನೈಟ್ರೊಅನಿಲೀನ್. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಪ್ಯಾರಾ-ಬ್ರೋಮೊಅಸಿಟಾನಿಲೈಡ್ ಮಾಡಿಸುವುದೂ ಇದೇ ಲೆಕ್ಕದ ಮೇಲೆ.

ರಾಪಿಡ್ ರಿವಿಷನ್

ಸರಿ, ಒಪ್ಪಿದೆ. ಆದರೆ ಎಲ್ಲಾ ಅನಿಲೀನಿಯಂ ಆದರೆ ಪ್ಯಾರಾ 51 ಯಾಕೆ ಬರುತ್ತೆ? ಮೆಟಾ ನೂರಕ್ಕೆ ನೂರು ಬರಬೇಕಿತ್ತು. ಸ್ವಲ್ಪ ಅನಿಲೀನ್ ಹಾಗೇ ಉಳಿದಿರುತ್ತೆ, ಅದು ಜೋರಾಗಿ ರಿಯಾಕ್ಟ್ ಆಗಿ ಪ್ಯಾರಾ ಕೊಡುತ್ತೆ ಅಂತ ನಮ್ಮ ಕೋಚಿಂಗ್‌ನಲ್ಲಿ ಹೇಳಿದ್ದು.

ಸಿಗ್ಮಾ-ರೋ

ಇದು ಒಳ್ಳೆ ಪ್ರಶ್ನೆ. ಕೋಚಿಂಗ್ ಉತ್ತರ ಅರ್ಧ ದಾರಿಗೆ ಮಾತ್ರ ಆಗುತ್ತದೆ.

ಅನಿಲೀನಿಯಂನ ಪಿಕೆಎ (ಆಮ್ಲದ ಬಲ ಹೇಳುವ ಅಂಕಿ, ಕಮ್ಮಿ ಇದ್ದಷ್ಟೂ ಆಮ್ಲ ಬಲ) 4.6. ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಸ್ವತಂತ್ರ ಅನಿಲೀನ್ ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. ಅದು ಎಷ್ಟೇ ಚುರುಕಾಗಿದ್ದರೂ, ನೈಟ್ರೊ ಗುಂಪು ತರುವ ನೈಟ್ರೊನಿಯಂ ಅಯಾನ್ ಜೊತೆ ಮೊದಲು ಭೇಟಿ ಆಗಬೇಕಲ್ಲ. ಭೇಟಿಯ ವೇಗಕ್ಕೂ ಒಂದು ಮಿತಿ ಇದೆ. 1960ರ ದಶಕದಲ್ಲಿ ರಿಡ್ ಮತ್ತು ಸಂಗಡಿಗರು ಇದನ್ನೇ ಅಳೆದರು. 98 ಶೇಕಡಾ ಸಲ್ಫ್ಯೂರಿಕ್ ಆಮ್ಲದಲ್ಲಿ ಮೆಟಾ 62, ಪ್ಯಾರಾ 38 ಬಂತು. ಅನಿಲೀನಿಯಂ ಅಯಾನೇ ಪ್ಯಾರಾವನ್ನೂ ಕೊಡುತ್ತದೆ ಅನ್ನುವುದು ಅವರ ತೀರ್ಮಾನ. ನೈಟ್ರೋಜನ್ ಮೇಲಿನ ಮೂರು ಹೈಡ್ರೋಜನ್ ತೆಗೆದು ಮೂರು ಮೀಥೈಲ್ ಹಾಕಿದರೆ ಮೆಟಾ 89, ಪ್ಯಾರಾ 11. ಅಲ್ಲಿ ಕಳಚಿಕೊಳ್ಳಲು ಪ್ರೋಟಾನೇ ಇಲ್ಲ, ಆದರೂ ಪ್ಯಾರಾ ಬಂತು ನೋಡಿ.

ಕಾರಣ ಇಷ್ಟು. ನೈಟ್ರೊ ಗುಂಪಿನ ಹಾಗೆ ಅನಿಲೀನಿಯಂ ಗುಂಪು ರೆಸೊನೆನ್ಸ್ (ಎಲೆಕ್ಟ್ರಾನ್ ಉಂಗುರದುದ್ದಕ್ಕೂ ಹರಡುವುದು) ಮೂಲಕ ಎಳೆಯುವುದಿಲ್ಲ. ನೈಟ್ರೋಜನ್ ಬಳಿ ಎಲೆಕ್ಟ್ರಾನ್ ಕೂರಿಸಲು ಖಾಲಿ ಜಾಗ ಇಲ್ಲ. ಬರೀ ಆವೇಶದ ಸೆಳೆತ. ಆ ಸೆಳೆತ ಹತ್ತಿರದ ಆರ್ಥೊ ಮೇಲೆ ಜಾಸ್ತಿ, ದೂರದ ಪ್ಯಾರಾ ಮೇಲೆ ಕಮ್ಮಿ. ಪುಸ್ತಕದ ಪಟ್ಟಿಯಲ್ಲಿ ಆರ್ಥೊ 2 ಶೇಕಡಾಕ್ಕೆ ಕುಸಿದಿರುವುದಕ್ಕೂ ಇದು ಹೊಂದುತ್ತದೆ. ಆಮ್ಲದ ಬಲ ಇಳಿಸುತ್ತಾ ಬಂದರೆ ಸ್ವತಂತ್ರ ಅನಿಲೀನ್‌ನ ಪಾಲು ಏರುತ್ತದೆ, ಆಗ ಕೋಚಿಂಗ್ ಉತ್ತರಕ್ಕೆ ಬೆಲೆ ಬರುತ್ತದೆ.

ಪರೀಕ್ಷೆಯಲ್ಲಿ ಮಾತ್ರ ಇಷ್ಟೆಲ್ಲ ಬರೆಯಬೇಡಿ. "ಆಮ್ಲ ಮಾಧ್ಯಮದಲ್ಲಿ ಅನಿಲೀನಿಯಂ ಆಗುತ್ತದೆ, ಅದು ಮೆಟಾ ಕಡೆಗೆ ಕಳಿಸುತ್ತದೆ" ಅಂತ ಬರೆದರೆ ಸಾಕು.

ಬೀಕರ್ ಮೇಡಂ

ಎರಡನೇ ಪ್ರಶ್ನೆಗೆ ಬಂದೆ.

ಒಂದು ಗುಂಪು ಉಂಗುರದ ಜೊತೆ ವ್ಯವಹಾರ ಮಾಡಲು ಎರಡು ದಾರಿ ಇವೆ. ಸಿಗ್ಮಾ ಬಂಧಗಳ ಮೂಲಕ ಎಳೆಯುವುದು ಇಂಡಕ್ಟಿವ್. ಅದು ಎಲ್ಲಾ ಜಾಗಕ್ಕೂ ಮುಟ್ಟುತ್ತದೆ, ದೂರ ಹೋದಂತೆ ಕರಗುತ್ತದೆ. ಪೈ ಮೋಡದ (ಉಂಗುರದ ಮೇಲೆ, ಕೆಳಗೆ ಹರಡಿದ ಎಲೆಕ್ಟ್ರಾನ್‌ಗಳ) ಮೂಲಕ ಕೊಡುವುದು ರೆಸೊನೆನ್ಸ್. ಅದು ಆರ್ಥೊ, ಪ್ಯಾರಾಗೆ ಮಾತ್ರ ಮುಟ್ಟುತ್ತದೆ, ಮೆಟಾಗೆ ನೇರವಾಗಿ ತಲುಪುವುದಿಲ್ಲ.

ಮೆಥಾಕ್ಸಿಯ ಆಮ್ಲಜನಕ ಇಂಗಾಲಕ್ಕಿಂತ ಎಲೆಕ್ಟ್ರಾನ್ ಆಸೆ ಜಾಸ್ತಿ ಇರುವ ಪರಮಾಣು. ಸಿಗ್ಮಾ ದಾರಿಯಲ್ಲಿ ಎಳೆಯುತ್ತದೆ. ಅದಕ್ಕೆ ಲೋನ್ ಪೇರ್ ಕೂಡ ಇದೆ, ಪೈ ದಾರಿಯಲ್ಲಿ ಕೊಡುತ್ತದೆ. ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ಪ್ಯಾರಾದಲ್ಲಿ ಇದ್ದಾಗ ಅದು ಕೊಟ್ಟ ಎಲೆಕ್ಟ್ರಾನ್ ಬರುವುದು ಅಮೈನೊ ಗುಂಪು ಕೂತಿರುವ ಇಂಗಾಲಕ್ಕೇ. ಅಲ್ಲಿ ಆಗಲೇ ತುಂಬಿದೆ, ಹಾಗಾಗಿ ಅಮೈನೊ ಗುಂಪು ತನ್ನ ಲೋನ್ ಪೇರ್ ಅನ್ನು ಅಷ್ಟಾಗಿ ಒಳಗೆ ತಳ್ಳಲು ಆಗುವುದಿಲ್ಲ. ಅದು ಪ್ರೋಟಾನ್‌ಗೆ ಸಿಗುತ್ತದೆ. ಮೆಟಾದಲ್ಲಿ ಇದ್ದಾಗ ಕೊಡುಗೆ ಆ ಇಂಗಾಲಕ್ಕೆ ಬರುವುದೇ ಇಲ್ಲ. ಉಳಿಯುವುದು ಎಳೆತ ಮಾತ್ರ.

ಅಂಕಿ ನೋಡಿ. ಇವು ಅಮೋನಿಯಂ ರೂಪದ ಪಿಕೆಎ. ಅಂಕಿ ಜಾಸ್ತಿ ಇದ್ದಷ್ಟೂ ಪ್ರತ್ಯಾಮ್ಲ ಬಲ. ಪುಸ್ತಕದಲ್ಲಿ ಪಿಕೆಬಿ ಇರುತ್ತದೆ, ಅದನ್ನು 14ರಿಂದ ಕಳೆದರೆ ಇದು ಸಿಗುತ್ತದೆ.

ಅನಿಲೀನ್ 4.6
ಪ್ಯಾರಾ-ಮೆಥಾಕ್ಸಿ 5.3, ಮೆಟಾ-ಮೆಥಾಕ್ಸಿ 4.2
ಪ್ಯಾರಾ-ಮೀಥೈಲ್ 5.1, ಮೆಟಾ-ಮೀಥೈಲ್ 4.7
ಪ್ಯಾರಾ-ಕ್ಲೋರೊ 4.0, ಮೆಟಾ-ಕ್ಲೋರೊ 3.5

ಕ್ಲೋರಿನ್ ಸಾಲನ್ನು ಎರಡು ಸಲ ನೋಡಿ. ಅಲ್ಲೂ ಅವೇ ಎರಡು ದಾರಿ. ಆದರೆ ಕ್ಲೋರಿನ್‌ನ ಎಳೆತ ಅದರ ಕೊಡುಗೆಗಿಂತ ಜಾಸ್ತಿ. ಹಾಗಾಗಿ ಎರಡು ಜಾಗದಲ್ಲೂ ಅನಿಲೀನ್‌ಗಿಂತ ಕೆಳಗೆ. ಪ್ಯಾರಾದಲ್ಲಿ ಸ್ವಲ್ಪ ಕೊಡುಗೆ ಸೇರಿ ನಷ್ಟ ಕಮ್ಮಿ ಆಗಿದೆ. ಕ್ಲೋರೊಬೆಂಜೀನ್ ನೈಟ್ರೇಷನ್ ಬೆಂಜೀನ್‌ಗಿಂತ ಸುಮಾರು 30 ಪಟ್ಟು ನಿಧಾನ, ಆದರೂ ಹೊಸ ಗುಂಪು ಆರ್ಥೊ-ಪ್ಯಾರಾಗೇ ಹೋಗುತ್ತದೆ. ವೇಗವನ್ನು ಎಳೆತ ತೀರ್ಮಾನಿಸಿತು, ಜಾಗವನ್ನು ಕೊಡುಗೆ ತೀರ್ಮಾನಿಸಿತು. ಎಕ್ಸೆಪ್ಷನ್ ಅನ್ನುವುದಕ್ಕೆ ಇಲ್ಲಿ ಏನೂ ಇಲ್ಲ.

ಕೊನೆಬೆಂಚು

ಮೇಡಂ, ತುಂಬಾ ಥ್ಯಾಂಕ್ಸ್. ಪ್ಯಾರಾ, ಮೆಟಾ ಹೇಳಿದ್ರಿ, ಆರ್ಥೊ ಬಿಟ್ರಿ. ಮೀಥೈಲ್ ಹತ್ತಿರ ಬಂದಷ್ಟೂ ಜಾಸ್ತಿ ತಳ್ಳಬೇಕು, ಹಾಗಾದ್ರೆ ಆರ್ಥೊ-ಟಾಲ್ವಿಡೀನ್ (ಆರ್ಥೊದಲ್ಲಿ ಮೀಥೈಲ್ ಇರುವ ಅನಿಲೀನ್) ಎಲ್ಲಕ್ಕಿಂತ ಬಲ, ಅಲ್ವಾ?

ಬೀಕರ್ ಮೇಡಂ

ಅಲ್ಲ. 4.4. ಅನಿಲೀನ್‌ಗಿಂತಲೂ ಕಮ್ಮಿ. ಆರ್ಥೊ-ಮೆಥಾಕ್ಸಿ ಕೂಡ 4.5ರ ಹತ್ತಿರ. ಪ್ರೋಟಾನ್ ಬಂದ ಮೇಲೆ ನೈಟ್ರೋಜನ್ ಸುತ್ತ ಮೂರು ಹೈಡ್ರೋಜನ್ ಆಗುತ್ತವೆ. ಅವು ನೀರಿನ ಜೊತೆ ಹೈಡ್ರೋಜನ್ ಬಂಧ ಮಾಡಿಕೊಂಡು ಆವೇಶ ತಣಿಸಿಕೊಳ್ಳಬೇಕು. ಪಕ್ಕದಲ್ಲೇ ಗುಂಪು ಕೂತಿದ್ದರೆ ನೀರಿಗೆ ಬರಲು ಇಕ್ಕಟ್ಟು. ಇದಕ್ಕೆ ಆರ್ಥೊ ಎಫೆಕ್ಟ್ ಅಂತ ಹೆಸರು. ಆರ್ಥೊದಲ್ಲಿ ಗುಂಪು ಯಾವುದೇ ಇರಲಿ, ಅನಿಲೀನ್‌ಗಿಂತ ದುರ್ಬಲ ಅಂತ ಊಹಿಸಿದರೆ ಸಾಮಾನ್ಯವಾಗಿ ತಪ್ಪುವುದಿಲ್ಲ.

ರಾಪಿಡ್ ರಿವಿಷನ್

ನೋಡಿ, ಕೊನೆಗೆ ಮೇಡಂ ಕೂಡ ರೂಲ್ ಕೊಟ್ರು 😄

ಸಿಗ್ಮಾ-ರೋ

ರೂಲ್ ಬೇಕಾದರೆ ಅಂಕಿಯ ರೂಲ್ ತಗೊಳ್ಳಿ. 1937ರಲ್ಲಿ ಹ್ಯಾಮೆಟ್ ಕೊಟ್ಟದ್ದು. ಪ್ರತಿ ಗುಂಪಿಗೂ, ಅದು ಕೂತ ಜಾಗಕ್ಕೂ ಒಂದು ಸಿಗ್ಮಾ ಅಂಕಿ (ಮೇಡಂ ಹೇಳಿದ ಸಿಗ್ಮಾ ಬಂಧ ಬೇರೆ). ಬೆಂಜೊಯಿಕ್ ಆಮ್ಲದ ಬಲ ಎಷ್ಟು ಬದಲಾಗುತ್ತದೆ ಅನ್ನುವುದರಿಂದ ಅದನ್ನು ಪಡೆದರು. ಎಳೆದರೆ ಪ್ಲಸ್, ಕೊಟ್ಟರೆ ಮೈನಸ್. ಪ್ಯಾರಾ-ಮೆಥಾಕ್ಸಿ ಮೈನಸ್ 0.27, ಮೆಟಾ-ಮೆಥಾಕ್ಸಿ ಪ್ಲಸ್ 0.12. ಒಂದೇ ಗುಂಪಿಗೆ ಎರಡು ಚಿಹ್ನೆ. ಕೊನೆಬೆಂಚು ಕೇಳಿದ "ಒಂದು ಕಡೆ ನಿಲ್ಲಬೇಕಲ್ವಾ" ಅನ್ನುವುದಕ್ಕೆ ಇಷ್ಟೇ ಉತ್ತರ.

ಸಿಗ್ಮಾ ಬದಲಾದಾಗ ಬಲ ಎಷ್ಟು ಬದಲಾಗುತ್ತದೆ ಅನ್ನುವ ಗುಣಕ ರೋ. ಅನಿಲೀನ್‌ಗಳ ಪಿಕೆಎಗೆ ಅದು ಸುಮಾರು 2.8. ಈಗ ಲೆಕ್ಕ ಮಾಡೋಣ.

ಮೆಟಾ-ನೈಟ್ರೊ: ಸಿಗ್ಮಾ 0.71. 2.8ರಿಂದ ಗುಣಿಸಿದರೆ 2.0. ಅದನ್ನು 4.6ರಿಂದ ಕಳೆದರೆ 2.6. ಅಳೆದ ಅಂಕಿ 2.5. ಚೆನ್ನಾಗಿದೆ.

ಪ್ಯಾರಾ-ನೈಟ್ರೊ: ಸಿಗ್ಮಾ 0.78. ಇದೇ ಲೆಕ್ಕದಲ್ಲಿ 2.4 ಬರಬೇಕು. ಅಳೆದರೆ 1.0. ಎಡವಿತು! 25 ಪಟ್ಟು ವ್ಯತ್ಯಾಸ.

ಯಾಕೆ ಅಂದರೆ, ಬೆಂಜೊಯಿಕ್ ಆಮ್ಲದಲ್ಲಿ ಕಾರ್ಬಾಕ್ಸಿಲ್ ಗುಂಪಿಗೆ ನೈಟ್ರೊ ಕಡೆಗೆ ತಳ್ಳಲು ಲೋನ್ ಪೇರ್ ಇಲ್ಲ. ಅನಿಲೀನ್‌ನಲ್ಲಿ ಇದೆ. ಅಮೈನೊ ಗುಂಪಿನ ಲೋನ್ ಪೇರ್ ಉಂಗುರ ದಾಟಿ ನೇರವಾಗಿ ನೈಟ್ರೊದ ಆಮ್ಲಜನಕದವರೆಗೆ ಹೋಗುತ್ತದೆ. ಅಷ್ಟು ದೂರ ಹರಡಿಕೊಂಡಿದ್ದನ್ನು ಪ್ರೋಟಾನ್‌ಗೋಸ್ಕರ ವಾಪಸ್ ಎಳೆಯುವುದು ದುಬಾರಿ. ಇಂಥ ಸಂದರ್ಭಕ್ಕೆ ಸಿಗ್ಮಾ-ಮೈನಸ್ ಅಂತ ಬೇರೆ ಅಂಕಿ ಇದೆ, ಪ್ಯಾರಾ-ನೈಟ್ರೊಗೆ 1.27. ಅದನ್ನು ಹಾಕಿ ಲೆಕ್ಕ ಮಾಡಿ: 4.6 ಕಳೆ 3.56, ಅಂದರೆ 1.04. ಸರಿಯಾಗಿ ಬಂದು ಕೂತಿತು. ಇಂಥ ಲೆಕ್ಕ ಕೂಡಿಬಂದಾಗ ಆಗುವ ಖುಷಿಯೇ ಬೇರೆ.

ಹುಮನಾಬಾದ್ ರಿಯಾಕ್ಟರ್

ಇದನ್ನು ಕೈಯಲ್ಲೇ ನೋಡಬಹುದು. ಅನಿಲೀನ್ ನೀರಿನಲ್ಲಿ 100 ಮಿಲಿಗೆ ಮೂರೂವರೆ ಗ್ರಾಂ ಅಷ್ಟೇ ಕರಗುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಉಪ್ಪಾಗಿ ಪೂರ್ತಿ ಕರಗಿ ತಿಳಿಯಾಗುತ್ತದೆ. ನೈಟ್ರೊಬೆಂಜೀನ್ ಜೊತೆ ಕಲೆತಿದ್ದರೆ ಬೇರ್ಪಡಿಸುವುದು ಹೀಗೇ. ಅದೇ ಪ್ಯಾರಾ-ನೈಟ್ರೊಅನಿಲೀನ್ ತಗೊಳ್ರಿ, ತೆಳು ಆಮ್ಲದಲ್ಲಿ ಹಳದಿ ಪುಡಿ ಹಾಗೇ ಕೂತಿರುತ್ತದೆ. ಆಮ್ಲ ಗಟ್ಟಿ ಮಾಡಬೇಕು, ಬಿಸಿ ಮಾಡಬೇಕು.

ಒಂದು ಎಚ್ಚರಿಕೆ ಕೂಡ. ಅನಿಲೀನ್, ನೈಟ್ರೊಅನಿಲೀನ್ ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ರಕ್ತದ ಹೀಮೊಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ಮೆಥೆಮೊಗ್ಲೋಬಿನ್ ಮಾಡುತ್ತವೆ. ತುಟಿ, ಉಗುರು ನೀಲಿಗಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಲ್ಯಾಬ್‌ನಲ್ಲಿ ಗ್ಲೌಸ್ ಹಾಕಿಕೊಳ್ಳದೆ ಶೂರತನ ತೋರಿಸಬ್ಯಾಡ್ರಿ.

ಕೊನೆಬೆಂಚು

ಅಣ್ಣಾ, ನೆನಪಿಟ್ಟುಕೊಳ್ತೀನಿ. ಸಿಗ್ಮಾ-ರೋ ಸರ್, ಇನ್ನೊಂದು. ಅನಿಲೀನ್ ದುರ್ಬಲ ಪ್ರತ್ಯಾಮ್ಲ ಆಗಿರುವುದಕ್ಕೆ ರೆಸೊನೆನ್ಸ್ ಕಾರಣ ಅಂತ ಎಲ್ಲಾ ಕಡೆ ಬರೆದಿದ್ದಾರೆ. ಉಂಗುರವೇ ಇಂಡಕ್ಟಿವ್ ಆಗಿ ಎಳೆಯುವುದಿಲ್ವಾ? ಯಾವುದು ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ?

ಸಿಗ್ಮಾ-ರೋ

ಲೋನ್ ಪೇರ್ ಉಂಗುರಕ್ಕೆ ಕೊಡಲು ಆಗದಂತೆ ಕಟ್ಟಿಹಾಕಿ ನೋಡಬೇಕು. ಬೆಂಜೊಕ್ವಿನುಕ್ಲಿಡೀನ್ ಅಂತ ಒಂದು ಅಣು ಇದೆ. ಅದರಲ್ಲಿ ನೈಟ್ರೋಜನ್ ಉಂಗುರಕ್ಕೆ ಅಂಟಿಕೊಂಡೇ ಇದೆ. ಆದರೆ ಪಂಜರದಂಥ ರಚನೆಯಿಂದಾಗಿ ಅದರ ಲೋನ್ ಪೇರ್ ಬೆಂಜೀನ್ ಸಮತಲದಲ್ಲೇ ಬಿದ್ದಿರುತ್ತದೆ. ಪೈ ಮೋಡ ಇರುವುದು ಆ ಸಮತಲದ ಮೇಲೆ, ಕೆಳಗೆ. ಎರಡೂ ಸೇರುವುದಿಲ್ಲ. ರೆಸೊನೆನ್ಸ್ ಬಂದ್.

ಬೆಂಜೀನ್ ಇಲ್ಲದ ಬರೀ ಪಂಜರ ಕ್ವಿನುಕ್ಲಿಡೀನ್. ಅದರ ಪಿಕೆಎ 11ರ ಆಸುಪಾಸು. ಬೆಂಜೊಕ್ವಿನುಕ್ಲಿಡೀನ್ 7.8. ರೆಸೊನೆನ್ಸ್‌ಗೆ ಅಡ್ಡಿ ಇಲ್ಲದ ಡೈಮೀಥೈಲ್ ಅನಿಲೀನ್ 5.1. ಅಂದರೆ ಕುಸಿತದ ಅರ್ಧದಷ್ಟು ಉಂಗುರದ ಎಳೆತದಿಂದ, ಇನ್ನರ್ಧ ರೆಸೊನೆನ್ಸ್‌ನಿಂದ. ನಿಮ್ಮ ಅನುಮಾನ ಸರಿಯಾಗೇ ಇದೆ. ಪುಸ್ತಕ ಅರ್ಧ ಮಾತ್ರ ಹೇಳಿದೆ.

ಇದೇ ಸಾಲಿನ ಇನ್ನೊಂದು ಅಣು ನನಗೆ ತುಂಬಾ ಇಷ್ಟ. ಅನಿಲೀನ್‌ನ ನೈಟ್ರೋಜನ್ ಮೇಲೆ ಎರಡು ಮೀಥೈಲ್ ಹಾಕಿದರೆ ಪ್ರತ್ಯಾಮ್ಲ ಬಲ ಸುಮಾರು 3 ಪಟ್ಟು ಏರುತ್ತದೆ. 2,4,6-ಟ್ರೈನೈಟ್ರೊಅನಿಲೀನ್‌ಗೆ ಅದೇ ಎರಡು ಮೀಥೈಲ್ ಹಾಕಿ. ಸುಮಾರು 40,000 ಪಟ್ಟು ಏರುತ್ತದೆ! ಎರಡು ಪುಟ್ಟ ಮೀಥೈಲ್‌ಗಳಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಅವು ಎಲೆಕ್ಟ್ರಾನ್ ಕೊಟ್ಟಿದ್ದರಿಂದಲ್ಲ. ಎರಡೂ ಪಕ್ಕದ ನೈಟ್ರೊ ಗುಂಪುಗಳಿಗೆ ಅವು ಡಿಕ್ಕಿ ಹೊಡೆಯುತ್ತವೆ. ಅಮೈನೊ ಗುಂಪು ತಿರುಗಿ ನಿಲ್ಲುತ್ತದೆ. ತಿರುಗಿದ ಕೂಡಲೇ ಲೋನ್ ಪೇರ್ ಪೈ ಮೋಡದ ಸಂಪರ್ಕ ಕಳೆದುಕೊಂಡು ನೈಟ್ರೋಜನ್ ಹತ್ತಿರವೇ ಉಳಿಯುತ್ತದೆ. ರೆಸೊನೆನ್ಸ್ ಅಂದರೆ ಕಾಗದದ ಮೇಲಿನ ಬಾಣಗಳಲ್ಲ, ಕಕ್ಷಕಗಳು ಒಂದೇ ದಿಕ್ಕಿಗೆ ನಿಲ್ಲಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಬಂಗುಡೆ ಪುಳಿಮುಂಚಿ

ನಾನು ಕೆಮಿಸ್ಟ್ರಿ ಬಿಟ್ಟು ಎಷ್ಟೋ ವರ್ಷ ಆಯಿತು. ಸುಮ್ನೆ ಓದುತ್ತಾ ಬಂದೆ. ಮೀನಿನ ವಾಸನೆ ಕೂಡ ಅಮೈನ್ ಅಂತಾರಲ್ಲ, ಹೌದಾ? ನಮ್ಮ ಮಂಗಳೂರು ಕಡೆ ಹುಣಸೆ ಹಾಕದೆ ಬಂಗುಡೆ ಸಾರು ಇಲ್ಲ.

ಬೀಕರ್ ಮೇಡಂ

ಹೌದು, ಟ್ರೈಮೀಥೈಲ್ ಅಮೈನ್. ಸಮುದ್ರದ ಮೀನಿನ ಮಾಂಸದಲ್ಲಿ ಟ್ರೈಮೀಥೈಲ್ ಅಮೈನ್ ಆಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದರ ಆಮ್ಲಜನಕ ಕಿತ್ತು ಅಮೈನ್ ಮಾಡುತ್ತವೆ. ಅದು ಸುಲಭವಾಗಿ ಆವಿಯಾಗಿ ಮೂಗಿಗೆ ಬರುತ್ತದೆ. ಹುಣಸೆ, ಪುನರ್ಪುಳಿ, ನಿಂಬೆ ಯಾವುದೇ ಹುಳಿ ಹಾಕಿದರೂ ಅಮೈನ್ ಪ್ರೋಟಾನ್ ಹಿಡಿದು ಅಮೋನಿಯಂ ಉಪ್ಪಾಗುತ್ತದೆ. ಉಪ್ಪು ಆವಿಯಾಗುವುದಿಲ್ಲ. ಕೆರೆ, ಹೊಳೆ ಮೀನಿನಲ್ಲಿ ಆ ಆಕ್ಸೈಡ್ ತುಂಬಾ ಕಮ್ಮಿ, ಅದಕ್ಕೇ ಕಾಟ್ಲಾ ವಾಸನೆ ಬೇರೆ ಥರ.

ಈ ಟ್ರೈಮೀಥೈಲ್ ಅಮೈನ್ ಪರೀಕ್ಷೆಯಲ್ಲೂ ಕಾಡುತ್ತದೆ. ಮೀಥೈಲ್ ಜಾಸ್ತಿ ಆದಂತೆ ಬಲ ಜಾಸ್ತಿ ಆಗಬೇಕು ತಾನೇ? ಪಿಕೆಬಿ ನೋಡಿ. ಇಲ್ಲಿ ಅಂಕಿ ಕಮ್ಮಿ ಇದ್ದರೆ ಬಲ ಜಾಸ್ತಿ. ಅಮೋನಿಯಾ 4.75, ಮೀಥೈಲ್ ಅಮೈನ್ 3.38, ಡೈಮೀಥೈಲ್ 3.27, ಟ್ರೈಮೀಥೈಲ್ 4.22. ಮೂರನೆಯದು ಹಿಂದೆ ಬಿತ್ತು.

ರಾಪಿಡ್ ರಿವಿಷನ್

213 ಅಂತ ನೆನಪಿಟ್ಕೊಳಿ, ಮೀಥೈಲ್‌ಗೆ. ಈಥೈಲ್‌ಗೆ 231. ಅಂಕಿ ಅಂದ್ರೆ ನೈಟ್ರೋಜನ್ ಮೇಲೆ ಎಷ್ಟು ಗುಂಪು ಅಂತ. ಬಲದಲ್ಲಿ ಎರಡನೇ ದರ್ಜೆ ಅಮೈನ್ ಮೊದಲು, ಆಮೇಲೆ ಉಳಿದವು. ಇದಕ್ಕೆ ಯಾರೂ ಬೈಯಬೇಡಿ.

ಸಿಗ್ಮಾ-ರೋ

ಬೈಯುವುದಿಲ್ಲ. ಆದರೆ ಅದು ನೀರಿನಲ್ಲಿ ಮಾತ್ರ ನಿಜ. ಅನಿಲ ಸ್ಥಿತಿಯಲ್ಲಿ ಅಳೆದರೆ ಕ್ರಮ ನೇರ: ಟ್ರೈಮೀಥೈಲ್, ಡೈಮೀಥೈಲ್, ಮೀಥೈಲ್, ಕೊನೆಗೆ ಅಮೋನಿಯಾ. ಪ್ರೋಟಾನ್ ಸೆಳೆತ ಕಿಲೊಜೂಲ್ ಪ್ರತಿ ಮೋಲ್‌ಗೆ ಕ್ರಮವಾಗಿ ಸುಮಾರು 949, 930, 899, 854. ನೀರಿನಲ್ಲಿ ಪ್ರೋಟಾನ್ ಹಿಡಿದ ಟ್ರೈಮೀಥೈಲ್ ಅಮೈನ್‌ಗೆ ಹೈಡ್ರೋಜನ್ ಬಂಧ ಮಾಡಲು ಒಂದೇ ಹೈಡ್ರೋಜನ್ ಇದೆ. ಮೀಥೈಲ್ ಅಮೈನ್‌ಗೆ ಮೂರು. ನೀರು ಯಾರನ್ನು ಚೆನ್ನಾಗಿ ಸುತ್ತುವರಿಯುತ್ತದೆ ಅನ್ನುವುದು ಆಟ ಬದಲಿಸುತ್ತದೆ.

ಇನ್ನೂ ತಮಾಷೆ ಏನು ಗೊತ್ತಾ? ಅನಿಲ ಸ್ಥಿತಿಯಲ್ಲಿ ಅನಿಲೀನ್ 882. ಅಮೋನಿಯಾಗಿಂತ ಬಲವಾದ ಪ್ರತ್ಯಾಮ್ಲ! ದೊಡ್ಡ ಉಂಗುರ ಧನ ಆವೇಶವನ್ನು ತಕ್ಕಮಟ್ಟಿಗೆ ತಾನೇ ತಣಿಸಿಕೊಳ್ಳುತ್ತದೆ. ಪುಟ್ಟ ಅಮೋನಿಯಂಗೆ ನೀರಿನ ನೆರವು ಬೇಕು. "ಅನಿಲೀನ್ ಅಮೋನಿಯಾಗಿಂತ ದುರ್ಬಲ" ಅನ್ನುವ ವಾಕ್ಯದ ಹಿಂದೆ "ನೀರಿನಲ್ಲಿ" ಅನ್ನುವ ಪದ ಯಾವಾಗಲೂ ಅಡಗಿರುತ್ತದೆ.

ಹುಮನಾಬಾದ್ ರಿಯಾಕ್ಟರ್

ಮನೆಯಲ್ಲಿ ಕೆಮ್ಮಿನ ಸಿರಪ್ ಇದ್ದರೆ ಲೇಬಲ್ ನೋಡ್ರಿ. ಆಂಬ್ರಾಕ್ಸಾಲ್ ಹೈಡ್ರೋಕ್ಲೋರೈಡ್ ಅಂತ ಬರೆದಿರುವ ಸಾಧ್ಯತೆ ಜಾಸ್ತಿ. ಆ ಅಣುವಿನಲ್ಲಿ ಎರಡು ಅಮೈನ್ ಇವೆ. ಒಂದು ಉಂಗುರಕ್ಕೆ ನೇರವಾಗಿ ಅಂಟಿದ ಅಮೈನೊ ಗುಂಪು, ಅದೇ ಉಂಗುರದ ಮೇಲೆ ಎರಡು ಬ್ರೋಮಿನ್. ಇನ್ನೊಂದು ಉಂಗುರದಿಂದ ಒಂದು ಇಂಗಾಲ ಆಚೆ ಇರುವ ಅಮೈನ್. ಹೈಡ್ರೋಕ್ಲೋರೈಡ್ ಮಾತ್ರ ಒಂದೇ. ಯಾವ ನೈಟ್ರೋಜನ್ ಮೇಲೆ ಕೂರುತ್ತದೆ ಹೇಳು ತಮ್ಮಾ.

ಕೊನೆಬೆಂಚು

ಉಂಗುರದ ಮೇಲಿನದು ಮೊದಲೇ ಅನಿಲೀನ್ ಥರ ದುರ್ಬಲ. ಎರಡು ಬ್ರೋಮಿನ್ ಬೇರೆ ಎಳೆಯುತ್ತವೆ, ಅದರಲ್ಲೂ ಒಂದು ಆರ್ಥೊದಲ್ಲಿ ಇದ್ದರೆ ಇನ್ನೂ ಕಷ್ಟ. ಹಾಗಾಗಿ ಆಚೆ ಇರುವ ಅಮೈನ್ ಮೇಲೆ?

ಹುಮನಾಬಾದ್ ರಿಯಾಕ್ಟರ್

ಶಭಾಷ್! ಒಂದು ಬ್ರೋಮಿನ್ ಆರ್ಥೊದಲ್ಲೇ ಅದ, ಇನ್ನೊಂದು ಪ್ಯಾರಾದಲ್ಲಿ. ಮಧ್ಯೆ ಒಂದೇ ಇಂಗಾಲ ಬಂದರೂ ರೆಸೊನೆನ್ಸ್ ತುಂಡಾಗುತ್ತದೆ. ಬೆಂಜೈಲ್ ಅಮೈನ್ ಪಿಕೆಬಿ 4.70, ಹೆಚ್ಚುಕಮ್ಮಿ ಅಮೋನಿಯಾದಷ್ಟೇ. ಅನಿಲೀನ್ 9.38. ಒಂದು ಇಂಗಾಲದ ಅಂತರಕ್ಕೆ ಇಷ್ಟು ಫರಕು.

ಕೊನೆಬೆಂಚು

ಹಾಗಾದ್ರೆ ಇನ್ನೊಂದು ಊಹೆ ಮಾಡ್ತೀನಿ. ಮೀಥೈಲ್ ಆರೆಂಜ್ ಸೂಚಕದಲ್ಲಿ ಡೈಮೀಥೈಲ್ ಅಮೈನೊ ಗುಂಪು ಇದೆ. ಆಮ್ಲ ಹಾಕಿದಾಗ ಪ್ರೋಟಾನ್ ಅಲ್ಲಿ ಕೂತು ಕೆಂಪಾಗುತ್ತದೆ. ಸರೀನಾ?

ಬೀಕರ್ ಮೇಡಂ

ಊಹೆ ಚೆನ್ನಾಗಿದೆ, ಉತ್ತರ ಬೇರೆ. ಪ್ರೋಟಾನ್ ಮುಖ್ಯವಾಗಿ ಕೂರುವುದು ಅಜೊ ನೈಟ್ರೋಜನ್ ಮೇಲೆ. ಅಜೊ ಅಂದರೆ ಎರಡು ಉಂಗುರಗಳನ್ನು ಸೇರಿಸುವ N=N ಸೇತುವೆ. ಎರಡು ಅಜೊ ನೈಟ್ರೋಜನ್‌ಗಳಲ್ಲಿ ಸಲ್ಫೋನೇಟ್ ಇರುವ ಉಂಗುರಕ್ಕೆ ಅಂಟಿದ್ದು ಯಾವುದೋ ಅದರ ಮೇಲೆ. ಬಾಣ ಹಾಕಿ ನೋಡಿ. ಡೈಮೀಥೈಲ್ ಅಮೈನೊ ಗುಂಪಿನ ಲೋನ್ ಪೇರ್ ಉಂಗುರದ ಪ್ಯಾರಾ ಇಂಗಾಲಕ್ಕೆ ಬಂದು, ಅಲ್ಲಿಂದ ಅಜೊ ಬಂಧ ದಾಟಿ, ಸರಿಯಾಗಿ ಆ ನೈಟ್ರೋಜನ್ ಮೇಲೆ ನಿಲ್ಲುತ್ತದೆ. ಪ್ರೋಟಾನ್ ಅಲ್ಲಿಗೆ ಬಂದರೆ ಧನ ಆವೇಶ ಡೈಮೀಥೈಲ್ ಅಮೈನೊವರೆಗೆ ಹರಡಿಕೊಳ್ಳುತ್ತದೆ. ಅಮೈನೊ ಮೇಲೆಯೇ ಕೂತರೆ ಹರಡಲು ದಾರಿಯೇ ಇಲ್ಲ. ಹರಡಿಕೊಂಡ ರೂಪ ಕೆಂಪು, ಪ್ರೋಟಾನ್ ಇಲ್ಲದ್ದು ಹಳದಿ. ಬದಲಾಗುವುದು ಪಿಎಚ್ 3.1ರಿಂದ 4.4ರ ನಡುವೆ.

ಲ್ಯಾಬ್‌ನಲ್ಲಿ ಅದನ್ನು ಮಾಡುವಾಗಲೂ ಇದೇ ಲೆಕ್ಕ. ಸಲ್ಫಾನಿಲಿಕ್ ಆಮ್ಲದ ಡೈಅಜೊನಿಯಂ (ಅಮೈನೊ ಗುಂಪು N2+ ಆದ ರೂಪ) ಅನ್ನು 0ಯಿಂದ 5 ಡಿಗ್ರಿ ಮಂಜುಗಡ್ಡೆಯಲ್ಲಿ ಮಾಡಿಕೊಂಡು ಡೈಮೀಥೈಲ್ ಅನಿಲೀನ್ ಜೊತೆ ಸೇರಿಸುತ್ತೇವೆ. ದ್ರಾವಣ ತುಂಬಾ ಆಮ್ಲೀಯ ಆಗಿದ್ದರೆ ಡೈಮೀಥೈಲ್ ಅನಿಲೀನ್ ಪ್ರೋಟಾನ್ ಹಿಡಿದು ಕೂರುತ್ತದೆ, ಬಣ್ಣ ಬರುವುದೇ ಇಲ್ಲ. ಅದಕ್ಕೇ ಸೋಡಿಯಂ ಅಸಿಟೇಟ್ ಹಾಕಿ ಆಮ್ಲ ಇಳಿಸುವುದು. ಎರಡು ವಾರದ ನಂತರ ನಿಮಗೂ ಅಜೊ ಡೈ ಪ್ರಾಕ್ಟಿಕಲ್ ಇರಬಹುದು. ಬೀಟಾ-ನಾಫ್ತಾಲ್‌ಗೆ ಮಾತ್ರ ಉಲ್ಟಾ, ಅದನ್ನು ಕ್ಷಾರದಲ್ಲಿ ಕರಗಿಸಿ ಹಾಕಬೇಕು. ಅಲ್ಲಿ ಪ್ರೋಟಾನ್ ಕಳೆದುಕೊಂಡ ರೂಪವೇ ಚುರುಕು.